ಅಪ್‌ಡೇಟ್: ಸೋರುತ್ತಿದ್ದ ಮಲಗುವ ಕೋಣೆಯ ಚಾವಣಿ ಕೊನೆಗೂ ರಿಪೇರಿಯಾಯಿತು

ಚಾವಣಿ ಸೋರುತ್ತಿದೆ, ಎರಡು ತಿಂಗಳಿಂದ ಮನೆ ಮಾಲೀಕರು ಫೋನಿನಲ್ಲಿ ‘ನೋಡೋಣ’ ಎನ್ನುತ್ತಲೇ ಇದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಆ ಕಥೆ ಈಗ ಮುಗಿದಿದೆ.

ಬಾಡಿಗೆ ನಿಲ್ಲಿಸಿಬಿಡಿ ಎಂದು ಹಲವರು ಹೇಳಿದ್ದರು. ವಕೀಲರೊಬ್ಬರನ್ನು ವಿಚಾರಿಸಿದಾಗ, ಹಾಗೆ ಮಾಡಿದರೆ ತಪ್ಪು ನಮ್ಮ ತಲೆಗೇ ಬಂದು, ಮನೆ ಖಾಲಿ ಮಾಡಿಸಲು ಮಾಲೀಕರಿಗೆ ನಾವೇ ಕಾರಣ ಒದಗಿಸಿದಂತಾಗಬಹುದು ಎಂದರು; ಆದ್ದರಿಂದ ಬಾಡಿಗೆಯನ್ನು ತಪ್ಪದೆ ಕಟ್ಟಿ ರಸೀದಿ ಇಟ್ಟುಕೊಂಡೆ. ನಾವೇ ರಿಪೇರಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳುವ ಸಲಹೆಯೂ ನನಗೆ ಉಪಯೋಗವಾಗಲಿಲ್ಲ, ಏಕೆಂದರೆ ಸೋರಿಕೆಯ ಮೂಲ ಮೇಲಿನ ಮನೆಯಲ್ಲಿತ್ತು.

ಕೆಲಸಕ್ಕೆ ಬಂದದ್ದು ಬರಹದಲ್ಲಿ ನೋಟಿಸ್ ಕೊಡಿ ಎಂಬ ಸಲಹೆ. ಒದ್ದೆ ಕಲೆಯ ಅಂಚಿಗೆ ಪ್ರತಿದಿನ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಫೋಟೊ ತೆಗೆದಿದ್ದೆ. ಒಂದರ ಹೊರಗೊಂದು ಹಿಗ್ಗುತ್ತಿದ್ದ ಆ ಗೆರೆಗಳನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಆ ಫೋಟೊಗಳು, ಹಿಂದೆ ಮಾಡಿದ ಕರೆಗಳ ದಿನಾಂಕಗಳು ಮತ್ತು 14 ದಿನಗಳ ಗಡುವು, ಇಷ್ಟನ್ನು ಸೇರಿಸಿ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಮಾಲೀಕರಿಗೆ ಕಳುಹಿಸಿದೆ. ಐದನೆಯ ದಿನವೇ ಪ್ಲಂಬರ್ ಬಂದರು.

ಅಚ್ಚರಿಯೆಂದರೆ, ಪೈಪಿನಲ್ಲಿ ಯಾವ ದೋಷವೂ ಇರಲಿಲ್ಲ. ಮೇಲಿನ ಬಚ್ಚಲಿನ ಟೈಲ್ಸ್ ಸಂದುಗಳಲ್ಲಿ ತುಂಬಿದ್ದ ಗಾರೆ (ಗ್ರೌಟ್) ಉದುರಿ ನೀರು ಇಳಿಯುತ್ತಿತ್ತು. ಚಾವಣಿ ಪೂರ್ತಿ ಒಣಗುವವರೆಗೆ ಬಣ್ಣ ಬಳಿಸಬೇಡಿ ಎಂದು ಪ್ಲಂಬರ್ ಹೇಳಿದ್ದರಿಂದ, ಪೆನ್ಸಿಲ್ ಗೆರೆಗಳು ಇನ್ನೂ ಹಾಗೆಯೇ ಇವೆ.