ಅಪ್‌ಡೇಟ್: ಮಂಡಿನೋವಿನ ದೊಡ್ಡಮ್ಮನ ಜೊತೆ ಹಳೇ ಪುಣೆ ಸುತ್ತಾಟ

ಧಾರವಾಡದಿಂದ ಬರುವ ದೊಡ್ಡಮ್ಮನಿಗೆ ಹಳೇ ಪುಣೆಯನ್ನು ನಡೆದೇ ತೋರಿಸಬೇಕು, ಮಂಡಿನೋವಿದೆ, ದಾರಿ ಹೇಗೆ ಅಂತ ಕೇಳಿದ್ದೆ. ಎಲ್ಲರಿಗೂ ಥ್ಯಾಂಕ್ಸ್.

"ಬೆಳಿಗ್ಗೆ ಬೇಗ ಕಸಬಾ ಗಣಪತಿಯಿಂದ ಶುರು ಮಾಡಿ" ಅಂದವರ ಸಲಹೆಯೇ ಗೆದ್ದಿತು. ದರ್ಶನ ಮುಗಿಸಿ ಶಿವಾಜಿ ಬಾಲ್ಯ ಕಳೆದ ಲಾಲ್ ಮಹಲ್, ಅಲ್ಲಿಂದ ಪೇಶ್ವೆಗಳ (ಮರಾಠಾ ರಾಜ್ಯದ ಪ್ರಧಾನಿಗಳು) ಕೋಟೆ-ಅರಮನೆ ಶನಿವಾರವಾಡಾ. ಎಲ್ಲ ಹತ್ತಿರ ಹತ್ತಿರ. ಈಗಿನ ಲಾಲ್ ಮಹಲ್ ಹೊಸದಾಗಿ ಕಟ್ಟಿದ್ದು ಅಂತ ಅಲ್ಲೇ ತಿಳಿಯಿತು.

ದೊಡ್ಡಮ್ಮ ಜಾಸ್ತಿ ಹೊತ್ತು ನಿಂತದ್ದು ಶನಿವಾರವಾಡಾದ ಮುಖ್ಯ ಬಾಗಿಲು ದಿಲ್ಲಿ ದರವಾಜಾದ ಮುಂದೆ. ಆನೆಗಳು ಹಣೆಯಿಂದ ಗುದ್ದಿ ಬಾಗಿಲು ಒಡೆಯಬಾರದು ಅಂತ ಅಷ್ಟೆತ್ತರದಲ್ಲಿ ಚೂಪಾದ ಕಬ್ಬಿಣದ ಮೊಳೆಗಳಿವೆ. ಅದೇ ಬಾಗಿಲಲ್ಲಿ ಒಬ್ಬರು ಬಗ್ಗಿ ನುಗ್ಗುವಷ್ಟು ಪುಟ್ಟ ಬಾಗಿಲೂ ಇದೆ. ಒಳಗೆ ಅರಮನೆಯೇ ಇಲ್ಲವಲ್ಲ ಅಂತ ಅವರಿಗೆ ಬೇಜಾರಾಯಿತು. 1732ರಲ್ಲಿ ಪೇಶ್ವೆ ಮೊದಲನೇ ಬಾಜಿರಾಯ ಕಟ್ಟಿ ಮುಗಿಸಿದ್ದು, 1828ರ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಕೋಟೆಗೋಡೆ, ಕಲ್ಲಿನ ಅಡಿಪಾಯ, ಕಾರಂಜಿಯ ಜಾಗ ಅಷ್ಟೇ. ಹಾಗಾಗಿ ವಿಶ್ರಾಮಬಾಗ್ ವಾಡಾ ಬಿಡಲೇಬೇಡಿ. ಅಲ್ಲಿನ ತೇಗದ ಕೆತ್ತನೆ ಕಂಬ, ಬಾಲ್ಕನಿ ನೋಡಿದರೆ ಪೇಶ್ವೆ ಕಾಲದ ಮನೆ ಹೇಗಿತ್ತು ಅಂತ ಗೊತ್ತಾಗುತ್ತೆ.

ಕೆಲಸಕ್ಕೆ ಬಾರದ ಸಲಹೆ ಅಂದರೆ ಸಂಜೆ ತುಳಶಿಬಾಗ್ ಮಾರ್ಕೆಟ್‌ಗೆ ಹೋಗೋದು. ಮಂಡಿನೋವಿನವರಿಗೆ ಆ ನೂಕುನುಗ್ಗಲು ಬೇಡವೇ ಬೇಡ. ಮಾರನೇ ದಿನ ಅಂಗಡಿ ತೆರೆಯೋ ಹೊತ್ತಿಗೆ ಹೋದೆವು, ಹಿತ್ತಾಳೆ ಪೂಜಾ ಸಾಮಾನು ನಿಧಾನವಾಗಿ ನೋಡಿ ಕೊಂಡರು.

ಇನ್ನೊಂದು ಮಾತು. ವಾಪಸ್ ಬರೋಕೆ ಮಂಡಈ ಮೆಟ್ರೋ ಸ್ಟೇಷನ್ ಹತ್ತಿರವೇ ಇದೆ, ಲಿಫ್ಟ್ ಇದೆ. ಆಟೋ ಹುಡುಕುವ ಗೋಜೇ ಇಲ್ಲ.