ಶೂ ಹೋಗಲಿ ಬಿಡಿ, ಪದಕ ಕಿತ್ಕೊಂಡವರು ಯಾರು?

ರಾಜು ಚಿಕ್ಕಪ್ಪ: (ಫಾರ್ವರ್ಡ್) ಈ ಫೋಟೋದಲ್ಲಿ ಕಾಲು ನೋಡಿ, ಎರಡೂ ಬೇರೆ ಬೇರೆ ಶೂ! 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಅಥ್ಲೀಟ್ ಜಿಮ್ ಥೋರ್ಪ್‌ನ ಶೂ ಯಾರೋ ಕದ್ದರಂತೆ. ಕಸದಲ್ಲಿ ಸಿಕ್ಕಿದ್ದನ್ನೇ ಹಾಕಿಕೊಂಡು ಓಡಿದನಂತೆ, ಆ ಕೂಟದಲ್ಲಿ ಎರಡು ಚಿನ್ನ ಗೆದ್ದ. ನೆಪ ಹೇಳುವವರಿಗೆ ಇದೇ ಉತ್ತರ 🙏

ರಾಜು ಚಿಕ್ಕಪ್ಪ: ಪವನಾ, ಓದಿದ್ಯಾ? ಓಟದ ಸ್ಪೈಕ್ಸ್ ಶೂ ಇಲ್ಲ ಅಂತ ಮುಖ ಊದಿಸ್ಕೊಂಡಿದೀಯಂತೆ.

ಪವನ್: ಓದಿದೆ ಚಿಕ್ಕಪ್ಪ. ಆದ್ರೆ ಮೀಟ್‌ನಲ್ಲಿ ಪಕ್ಕದ ಲೇನ್‌ನವರೆಲ್ಲ ಹಾಕ್ಕೊಂಡಿರ್ತಾರೆ.

ಸುಮಕ್ಕ: ಚಿಕ್ಕಪ್ಪ, ಆ ಫೋಟೋ ನಿಜದ್ದೇ. ಆದ್ರೆ ಈ ಮೆಸೇಜ್ ಅವನ ಕಥೇನ ಅರ್ಧಕ್ಕೇ ನಿಲ್ಲಿಸಿದೆ. ಮುಂದಿನ ವರ್ಷವೇ ಒಲಿಂಪಿಕ್ ಸಮಿತಿಯವರು ಆ ಎರಡೂ ಪದಕ ಕಿತ್ಕೊಂಡ್ರು, ಅದೂ ಬರೀಬೇಕಿತ್ತಲ್ವಾ?

ರಾಜು ಚಿಕ್ಕಪ್ಪ: ದುಡ್ಡು ತಗೊಂಡು ಬೇಸ್‌ಬಾಲ್ ಆಡಿದ್ದ ಕಣಮ್ಮ. ಆಗ ಒಲಿಂಪಿಕ್ಸ್ ಅಂದ್ರೆ ಹವ್ಯಾಸಿಗಳಿಗೆ ಮಾತ್ರ. ನಿಯಮ ಅಂದ್ಮೇಲೆ ನಿಯಮ.

ಸುಮಕ್ಕ: 1909, 1910ರ ಬೇಸಿಗೆಯಲ್ಲಿ ನಾರ್ತ್ ಕೆರೊಲಿನಾದಲ್ಲಿ ಆಡಿದ್ದ, ಕೈಖರ್ಚಿನಷ್ಟು ದುಡ್ಡಿಗೆ. ಆಗ ಕಾಲೇಜು ಹುಡುಗರು ಎಷ್ಟೋ ಜನ ಹಾಗೆ ಆಡ್ತಿದ್ರು. ಬುದ್ಧಿವಂತರು ಸುಳ್ಳು ಹೆಸರು ಕೊಡ್ತಿದ್ರು, ಇವನು ಸ್ವಂತ ಹೆಸರಲ್ಲೇ ಆಡಿದ. ನಿಯಮ ಅಂದ್ರಲ್ಲ, ಆಕ್ಷೇಪಣೆ ಇದ್ರೆ ಕೂಟ ಮುಗಿದ 30 ದಿನದೊಳಗೆ ಕೊಡ್ಬೇಕು ಅನ್ನೋದೂ ಅದೇ ನಿಯಮಾವಳಿಯಲ್ಲಿತ್ತು. ಕೂಟ ಮುಗಿದಿದ್ದು 1912ರ ಜುಲೈ, ಸುದ್ದಿ ಬಂದಿದ್ದು 1913ರ ಜನವರಿ. ಆ ನಿಯಮ ಯಾರ ಕಣ್ಣಿಗೂ ಬೀಳಲಿಲ್ವಾ?

ಪವನ್: 30 ದಿನದ್ದು ಗೊತ್ತೇ ಇರ್ಲಿಲ್ಲ 😳

ರಾಜು ಚಿಕ್ಕಪ್ಪ: ಸರಿ, ಆದ್ರೆ ಅವನನ್ನ ಬೆಳೆಸಿದ್ದು ಅವನು ಓದಿದ ಕಾಲೇಜೇ ತಾನೇ? ಪಾಪ್ ವಾರ್ನರ್ ಅಂಥ ಕೋಚ್ ಸಿಗದಿದ್ರೆ ಈ ಹುಡುಗನ ಹೆಸರು ಯಾರಿಗೆ ಗೊತ್ತಾಗ್ತಿತ್ತು?

ಸುಮಕ್ಕ: ಕಾಲೇಜು ಅನ್ನೋದು ಮೈದಾನದಲ್ಲಿ ಮಾತ್ರ ಚಿಕ್ಕಪ್ಪ. ಪೆನ್ಸಿಲ್ವೇನಿಯಾದ ಕಾರ್ಲೈಲ್ ಅದು, 1879ರಲ್ಲಿ ಸರ್ಕಾರ ತೆರೆದ ವಸತಿ ಶಾಲೆ. ಆದಿವಾಸಿ ಮಕ್ಕಳನ್ನ ಊರಿಂದ ಕರ್ಕೊಂಡು ಬಂದು ಜುಟ್ಟು ಕತ್ತರಿಸಿ, ಮನೆಮಾತು ಆಡಬಾರದು ಅಂತಿದ್ರು. ಎಷ್ಟೋ ಮಕ್ಕಳು ಅಲ್ಲೇ ಸತ್ರು, ಅವರ ಸಮಾಧಿಗಳು ಈಗಲೂ ಇವೆ. ಥೋರ್ಪ್ ಓಕ್ಲಹೋಮಾದ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು. 1907ರಲ್ಲಿ ಒಂದಿನ ಮೈದಾನದ ಪಕ್ಕ ನಡ್ಕೊಂಡು ಹೋಗ್ತಿದ್ನಂತೆ. ಹೈಜಂಪ್ ಹುಡುಗರಿಗೆ ದಾಟೋಕಾಗದ ಎತ್ತರವನ್ನ ಕೆಲಸದ ಬಟ್ಟೆಯಲ್ಲೇ ಹಾರಿಬಿಟ್ಟ. ವಾರ್ನರ್ ಅವನನ್ನ ಹಿಡ್ಕೊಂಡಿದ್ದು ಅದಾದ್ಮೇಲೆ.

ಸುಮಕ್ಕ: 1911ರಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದೇ ಕಾರ್ಲೈಲ್ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವನ್ನ 18-15ರಲ್ಲಿ ಸೋಲಿಸ್ತು. ಥೋರ್ಪ್‌ನದೇ ನಾಲ್ಕು ಫೀಲ್ಡ್ ಗೋಲ್ (ಚೆಂಡು ಒದ್ದು ಅಂಕ ಗಳಿಸೋದು). ಮರುವರ್ಷ ಆರ್ಮಿ (ಸೇನಾ ಅಕಾಡೆಮಿ) ತಂಡವನ್ನ 27-6ರಲ್ಲಿ ಸೋಲಿಸ್ತು. ಎದುರು ತಂಡದಲ್ಲಿ ಆಡ್ತಿದ್ದವನು ಮುಂದೆ ಅಮೆರಿಕದ ಅಧ್ಯಕ್ಷನಾದ ಐಸೆನ್‌ಹೋವರ್! ಆ ಮ್ಯಾಚುಗಳ ಟಿಕೆಟ್ ದುಡ್ಡು ಶಾಲೆಯ ಅಥ್ಲೆಟಿಕ್ ಫಂಡಿಗೆ ಹೋಗ್ತಿತ್ತು. ಅಷ್ಟೆಲ್ಲ ಗೆದ್ದುಕೊಟ್ಟ ಹುಡುಗನಿಗೆ ಕಷ್ಟ ಬಂದಾಗ ವಾರ್ನರ್ ಏನಂದ? ನಂಗೇನೂ ಗೊತ್ತೇ ಇರ್ಲಿಲ್ಲ ಅಂದ.

ಶಾಂತತ್ತೆ: ಗುರು ಅನ್ನಿಸ್ಕೊಂಡವನು ಹಾಗಾ ಹೇಳೋದು!

ರಾಜು ಚಿಕ್ಕಪ್ಪ: ನಿಜಕ್ಕೂ ಗೊತ್ತಿರ್ಲಿಲ್ವೇನೋ.

ಸುಮಕ್ಕ: ತನ್ನ ತಂಡದ ಅತಿ ದೊಡ್ಡ ಆಟಗಾರ ಎರಡು ಬೇಸಿಗೆ ಎಲ್ಲಿದ್ದ ಅಂತ ಕೋಚ್‌ಗೆ ಗೊತ್ತಿರಲ್ಲ ಅಂದ್ರೆ ನಾನು ನಂಬಲ್ಲ. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಆ ಶಾಲೆಯ ವಿಚಾರಣೆ ನಡೆಸಿದಾಗ ವಿದ್ಯಾರ್ಥಿಗಳೇ ವಾರ್ನರ್ ವಿರುದ್ಧ ಸಾಕ್ಷಿ ಹೇಳಿದ್ರು. ಅವನಿಗೇನಾಯ್ತು? ಪಿಟ್ಸ್‌ಬರ್ಗ್‌ನಲ್ಲಿ ಕೋಚ್ ಕೆಲಸ ಸಿಕ್ತು. ಶಾಲೆ 1918ರಲ್ಲಿ ಮುಚ್ಚಿತು. ಥೋರ್ಪ್ 1953ರಲ್ಲಿ ತೀರಿಕೊಂಡಾಗಲೂ ಪದಕ ವಾಪಸ್ ಬಂದಿರಲಿಲ್ಲ.

ಪವನ್: ಆಮೇಲಾದ್ರೂ ಕೊಟ್ರಾ ಅಕ್ಕ?

ಸುಮಕ್ಕ: 1983ರಲ್ಲಿ ಅವನ ಮಕ್ಕಳ ಕೈಗೆ ಪ್ರತಿಕೃತಿ ಕೊಟ್ರು. ಆದ್ರೂ ಜಂಟಿ ವಿಜೇತ ಅಂತಲೇ ದಾಖಲೆ. ಒಬ್ಬನೇ ವಿಜೇತ ಅಂತ ಒಪ್ಪಿದ್ದು 2022ರಲ್ಲಿ! ಡೆಕಾಥ್ಲಾನ್‌ನಲ್ಲಿ (ಹತ್ತು ಸ್ಪರ್ಧೆ ಸೇರಿದ ಆಟ) ಸುಮಾರು 700 ಅಂಕ ಹಿಂದಿದ್ದು, ಆಮೇಲೆ ಥೋರ್ಪ್‌ನ ಚಿನ್ನಕ್ಕೆ ಹಕ್ಕುದಾರನಾದ ಸ್ವೀಡನ್ನಿನ ವೀಸ್ಲಾಂಡರ್ ಮಾತ್ರ ಚಿನ್ನ ತನ್ನದು ಅಂತ ಯಾವತ್ತೂ ಒಪ್ಪಲಿಲ್ಲ.

ಶಾಂತತ್ತೆ: ಆ ಸ್ವೀಡನ್ನಿನವನಿಗೆ ಕೈ ಮುಗೀಬೇಕು.

ರಾಜು ಚಿಕ್ಕಪ್ಪ: ಇಷ್ಟೆಲ್ಲ ಇದೆ ಅಂತ ತಿಳಿದಿರ್ಲಿಲ್ಲ ಸುಮಾ. ಆದ್ರೂ ಹುಡುಗರಿಗೆ ಛಲ ಬರ್ಲಿ ಅಂತ ಹಾಕಿದ್ದು. ಅದ್ರಲ್ಲಿ ತಪ್ಪೇನಿದೆ?

ಸುಮಕ್ಕ: ಛಲ ಅವನಲ್ಲಿ ಬೇಕಾದಷ್ಟಿತ್ತು ಚಿಕ್ಕಪ್ಪ, ಆದ್ರೂ ಪದಕ ಉಳೀಲಿಲ್ಲ. ಕಿತ್ಕೊಂಡವರ ಹೆಸರು ಬಿಟ್ಟು ಬರೀ ಶೂ ಕಥೆ ಹೇಳಿದ್ರೆ ಅನ್ಯಾಯ ಮಾಡಿದವರು ಆರಾಮಾಗಿ ತಪ್ಪಿಸಿಕೊಳ್ತಾರೆ. ನಿಮ್ಮ ವಾಕಿಂಗ್ ಗುಂಪಿಗೂ ಇದೇ ಮೆಸೇಜ್ ಹೋಗಿರ್ಬೇಕಲ್ಲ, ನಾನು ಬರೆದದ್ದನ್ನೂ ಅಲ್ಲಿಗೆ ಕಳಿಸಿ.

ರಾಜು ಚಿಕ್ಕಪ್ಪ: ಕಳಿಸ್ತೀನಿ. ಆದ್ರೆ ವಾರ್ನರ್ ವಿಷ್ಯದಲ್ಲಿ ನಾನಿನ್ನೂ ನಿನ್ನಷ್ಟು ಗಟ್ಟಿಯಾಗಿ ಹೇಳಲಾರೆ.