ನೆರವು ನೀಡುತ್ತೇವೆ, ನ್ಯಾಯದ ಮಾತು ಬಂದರೆ ಸುಮ್ಮನಾಗುತ್ತೇವೆ: ವಿಶ್ವಾಸ ಇಲ್ಲಿ ಹೇಗೆ ದಾರಿ ತೋರಬಲ್ಲದು?

ಪ್ರಶ್ನೆ

ನಮ್ಮ ಸತ್ಯವೇದ ಅಧ್ಯಯನ ಕೂಟವು ಕಷ್ಟದಲ್ಲಿರುವ ಕುಟುಂಬಗಳಿಗೆ ಕೈಲಾದ ನೆರವು ನೀಡುತ್ತದೆ. ಆದರೆ ವರ್ಷವಿಡೀ ದುಡಿದರೂ ಆ ಕುಟುಂಬಗಳು ಏಕೆ ಕಷ್ಟದಲ್ಲೇ ಉಳಿದಿವೆ ಎಂದು ಯಾರಾದರೂ ಕೇಳಿದೊಡನೆ, ಅದು ರಾಜಕೀಯ, ನಮ್ಮ ಕೆಲಸ ಆತ್ಮಗಳ ರಕ್ಷಣೆ ಎಂಬ ಮಾತು ಬರುತ್ತದೆ. ಹಾಗೆನ್ನುವವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಕ್ರೈಸ್ತ ವಿಶ್ವಾಸವು ಸಾಮಾಜಿಕ ನ್ಯಾಯದ ಚಿಂತನೆಗೂ ಕಾರ್ಯಕ್ಕೂ ದಾರಿ ತೋರುವುದಾದರೆ, ಕೂಟವನ್ನು ಒಡೆಯದೆ ಅದನ್ನು ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ

ಸತ್ಯವೇದದ ಧರ್ಮಶಾಸ್ತ್ರದಿಂದಲೇ, ಅಂದರೆ ಮೋಶೆಯ ಕಟ್ಟಳೆಗಳಿಂದಲೇ ಆರಂಭಿಸಿ. ಹೊಲದ ಅಂಚುಗಳನ್ನು ಪೂರ್ತಿಯಾಗಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಹೇಳುತ್ತದೆ. ಇವು ಹೊಲದೊಡೆಯನ ಒಳ್ಳೆಯತನಕ್ಕೆ ಬಿಟ್ಟ ಸಂಗತಿಗಳಲ್ಲ. ಇಲ್ಲದವನಿಗೆ ಸಲ್ಲಬೇಕಾದದ್ದನ್ನು ಗುರುತಿಸುವ ಕಟ್ಟಳೆಗಳು. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬನ ಪತ್ರದ 5ನೆಯ ಅಧ್ಯಾಯವೂ ಹೇಳುವಾಗ, ಕೂಲಿಯ ಮಾತನ್ನು ಆತ್ಮದ ವಿಷಯವಲ್ಲವೆಂದು ಬದಿಗಿಡುವುದಕ್ಕೆ ಆಧಾರವೆಲ್ಲಿದೆ?

ಎರಡನೆಯ ಉತ್ತರ

ಓದಿನ ಜೊತೆಗೆ ಒಂದು ಕ್ರಮವೂ ಬೇಕು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರು 1925ರಲ್ಲಿ ರೂಪು ಪಡೆದ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಲ್ಲಿ ‘ನೋಡು, ತೀರ್ಮಾನಿಸು, ಕಾರ್ಯವೆಸಗು’ ಎಂಬ ಮೂರು ಹೆಜ್ಜೆಗಳನ್ನು ಕಲಿಸಿದರು. 1961ರಲ್ಲಿ ಪೋಪ್ 23ನೆಯ ಜಾನ್ ಅವರ ವಿಶ್ವಪತ್ರವೂ ಇವನ್ನು ಎತ್ತಿಹಿಡಿಯಿತು. ಕಾರ್ಖಾನೆಯ ಹುಡುಗ ಹುಡುಗಿಯರು ತಮ್ಮ ಪಾಳಿಯನ್ನೂ ಸಂಬಳವನ್ನೂ ತಾವೇ ವಿಚಾರಿಸಿ, ಅದನ್ನು ಸುವಾರ್ತೆಯ ಬೆಳಕಿನಲ್ಲಿ ತೂಗಿ, ಮಾಡಬಹುದಾದ ಒಂದು ಕೆಲಸವನ್ನು ನಿರ್ಧರಿಸುವುದು ಅದರ ತಿರುಳು. ಕೂಟಗಳು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಸರಿಯಾಗಿ ನೋಡುವ ಮೊದಲೇ ವಚನವನ್ನು ಹುಡುಕಿದರೆ, ನಮಗೆ ಈಗಾಗಲೇ ಒಪ್ಪಿಗೆಯಾದ ವಚನವೇ ಸಿಗುತ್ತದೆ.

ಮೂರನೆಯ ಉತ್ತರ

ಆ ಕೊನೆಯ ಮಾತನ್ನು ದಕ್ಷಿಣ ಆಫ್ರಿಕಾದ ಇತಿಹಾಸ ನೋವಿನಿಂದ ದೃಢಪಡಿಸುತ್ತದೆ. ಎಲ್ಲ ವಿಶ್ವಾಸಿಗಳೂ ಒಂದೇ ಸಭೆಯಲ್ಲಿ ಕೂಡುವುದು ಶಾಸ್ತ್ರಸಮ್ಮತವೆಂದು ಒಪ್ಪಿಕೊಂಡೇ, ಕೆಲವರ ದೌರ್ಬಲ್ಯದ ಕಾರಣಕ್ಕೆ ಬಿಳಿಯರಲ್ಲದವರಿಗೆ ಬೇರೆ ಆರಾಧನೆ ನಡೆಸಬಹುದೆಂದು ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯ ಆಡಳಿತ ಮಂಡಳಿಯಾದ ಸಿನೋಡ್ 1857ರಲ್ಲಿ ಅನುಮತಿಸಿತು. 1881ರಲ್ಲಿ ಬಿಳಿಯರಲ್ಲದವರಿಗೆ ಪ್ರತ್ಯೇಕ ಮಿಷನ್ ಸಭೆಯೇ ಹುಟ್ಟಿತು. ಮುಂದೆ ವರ್ಣಭೇದ ನೀತಿಗೆ ದೇವಶಾಸ್ತ್ರದ ಸಮರ್ಥನೆಯೂ ದೊರೆಯಿತು. ಅಲ್ಲಿ ಯಾರೂ ಸತ್ಯವೇದವನ್ನು ಮುಚ್ಚಿಟ್ಟಿರಲಿಲ್ಲ, ಪ್ರತಿ ಭಾನುವಾರ ತೆರೆದೇ ಓದುತ್ತಿದ್ದರು. ಬದಿಗೆ ಸರಿಸಲ್ಪಟ್ಟ ಆ ಮಿಷನ್ ಸಭೆಯೇ 1982ರಲ್ಲಿ ಬೆಲ್ಹಾರ್ ವಿಶ್ವಾಸ ಪ್ರಮಾಣದ ಕರಡನ್ನು ಸಿದ್ಧಪಡಿಸಿ, 1986ರಲ್ಲಿ ಅದನ್ನು ಅಂಗೀಕರಿಸಿತು. ದೇವರು ವಿಶೇಷವಾಗಿ ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರೆಂದೂ, ಆತನು ನಿಲ್ಲುವಲ್ಲಿ ಸಭೆಯೂ ನಿಲ್ಲಬೇಕೆಂದೂ ಅದು ಸಾರುತ್ತದೆ.

ಆದ್ದರಿಂದ ಯಾವ ವಚನ ಓದುತ್ತೀರಿ ಎಂಬುದರಷ್ಟೇ, ಯಾರೊಡನೆ ಕುಳಿತು ಓದುತ್ತೀರಿ ಎಂಬುದೂ ಮುಖ್ಯ. ನೀವು ನೆರವು ಕೊಡುವ ಕುಟುಂಬಗಳು ನಿಮ್ಮ ಕೂಟದಲ್ಲಿ ಪಾಲುಗೊಳ್ಳುತ್ತವೆಯೇ?

ಪ್ರಶ್ನೆ ಕೇಳಿದವರು

ಇಲ್ಲ. ಅವರನ್ನು ಕರೆಯಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಅವರಲ್ಲಿ ಕೆಲವರಿಗೆ ಕೆಲಸ ಕೊಟ್ಟವರೂ ನಮ್ಮ ಕೂಟದಲ್ಲೇ ಇದ್ದಾರೆ. ಮತ್ತಾಯ 18ರಂತೆ ತಪ್ಪು ಮಾಡಿದ ಸಹೋದರನೊಡನೆ ಮೊದಲು ಏಕಾಂತದಲ್ಲಿ ಮಾತಾಡಬೇಕಲ್ಲವೇ?

ಮೂರನೆಯ ಉತ್ತರದವರು

ಆ ಬೋಧನೆ ಸಹೋದರರ ನಡುವಿನದು. ಒಬ್ಬನ ಅನ್ನ ಇನ್ನೊಬ್ಬನ ಕೈಯಲ್ಲಿರುವಾಗ ದುರ್ಬಲನನ್ನೇ ಒಂಟಿಯಾಗಿ ಕಳುಹಿಸಿದರೆ, ಅವನು ಕೆಲಸ ಕಳೆದುಕೊಳ್ಳಬಹುದು. ಎರಡನೆಯ ಸಮುವೇಲ 12ರಲ್ಲಿ, ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ಅರಸ ದಾವೀದನ ಎದುರು ನಿಂತವನು ಪ್ರವಾದಿ ನಾತಾನ, ಊರೀಯನ ಮನೆಯವರಲ್ಲ. ಹಾಗೆಯೇ ಮೊದಲು ಕೆಲಸಗಾರರನ್ನು ಪ್ರತ್ಯೇಕವಾಗಿ ಕೇಳಿಸಿಕೊಳ್ಳಿ, ಅವರ ಒಪ್ಪಿಗೆಯಿಲ್ಲದೆ ಒಂದು ಹೆಸರನ್ನೂ ಹೊರಗೆ ಹೇಳಬೇಡಿ. ಅವರು ಬಯಸಿದರೆ ಮಾತ್ರ, ಕೆಲಸ ಕೊಟ್ಟವರ ಬಳಿಗೆ ಕೂಟದ ಹಿರಿಯರಿಬ್ಬರು ಹೋಗಲಿ.